ಪಾಳಿ ಬದಲಾಗುವ ಹೊತ್ತಿನ ಸಡಿಲು

ಸಂಪಾದಕರೇ,

ಕೆಲಸದಲ್ಲಿ ಅಶಿಸ್ತು ಎಂದರೆ ತಡವಾಗಿ ಬರುವುದು, ಮೊಬೈಲ್ ಹಿಡಿದು ಕೂಡುವುದು, ಎದುರುತ್ತರ ಕೊಡುವುದು ಎಂದೇ ಎಲ್ಲರ ಎಣಿಕೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಭಾಗದ ಫೌಂಡ್ರಿಗಳಲ್ಲಿ (ಎರಕದ ಕಾರ್ಖಾನೆಗಳಲ್ಲಿ) ಇವಕ್ಕಿಂತ ತುಟ್ಟಿಯಾಗುವ ಅಶಿಸ್ತು ಎರಡಿವೆ: ಮುಂದಿನ ಪಾಳಿಯವನಿಗೆ ಒಂದು ಮಾತೂ ಹೇಳದೆ ಗೇಟು ದಾಟುವುದು, ಅಳೆಯದೆ ರಿಜಿಸ್ಟರ್ ತುಂಬುವುದು. ಇವಕ್ಕೆ ಮೆಮೊ ಕೊಡುವವರು ಕಡಿಮೆ.

ಎಸ್‌.ಜಿ. ಐರನ್ (ಸ್ಫೆರಾಯ್ಡಲ್ ಗ್ರಾಫೈಟ್, ಅಂದರೆ ಗುಂಡು ಗ್ರಾಫೈಟಿನ ಕಬ್ಬಿಣ) ಎರಕವನ್ನೇ ನೋಡಿ. ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿದರೆ ಅದರೊಳಗಿನ ಗ್ರಾಫೈಟ್ ಎಸಳಾಗುವ ಬದಲು ಗುಂಡಾಗಿ ಕಟ್ಟುತ್ತದೆ. ಬಡಿತ ತಾಳುವ ಗುಣ ಬರುವುದೇ ಅದರಿಂದ. ಲೋಹದಲ್ಲಿ ಶೇ 0.03ರಿಂದ 0.05ರಷ್ಟು ಮೆಗ್ನೀಸಿಯಂ ಉಳಿದಿರಬೇಕು. ಲ್ಯಾಡಲ್‌ನಲ್ಲಿ (ಲೋಹ ಸುರಿಯುವ ಪಾತ್ರೆಯಲ್ಲಿ) ನಿಂತಷ್ಟೂ ಅದು ಇಳಿಯುತ್ತ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೆಗ್ನೀಸಿಯಂ ಕೊಟ್ಟ 8-10 ನಿಮಿಷದೊಳಗೆ ಕೊನೆಯ ಅಚ್ಚೂ ತುಂಬಿರಬೇಕು. ಪಾಳಿ ಬದಲಾಗುವಾಗ ಲ್ಯಾಡಲ್ ತುಂಬಿ ನಿಂತಿದೆ. ಸುರಿಯುವವನು ಬಟ್ಟೆ ಬದಲಿಸಲು ಹೋಗಿದ್ದಾನೆ, ಬರಬೇಕಾದವನು ಇನ್ನೂ ಪಂಚಿಂಗ್ ಸಾಲಿನಲ್ಲಿದ್ದಾನೆ. ಬಂದವನು ‘ಇನ್ನೂ ಬಿಸಿ ಐತಲ್ಲ’ ಎಂದು ಸುರಿದೇಬಿಡುತ್ತಾನೆ. ಎರಕ ಹೊರಗೆ ಚೊಕ್ಕ, ಒಳಗೆ ಪೆಡಸು. ಕೊನೆಯ ಅಚ್ಚಿನ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಿಕ್ಕಿಬೀಳುತ್ತದೆ. ಆದರೆ ಸ್ಯಾಂಪಲ್ ತೆಗೆಯುವುದು ಮೊದಲ ಅಚ್ಚಿನಿಂದ, ಅದು ಬೇಗ ಆರುತ್ತದೆಂದು!

ಇನ್ನು ರಿಜಿಸ್ಟರ್. ಅಚ್ಚು ಕಟ್ಟುವ ಮರಳಿನ ಶೇಕಡಾವಾರು ತೇವಾಂಶದ ಕಾಲಮ್ಮಿನಲ್ಲಿ ಬೆಳಗ್ಗೆಯಿಂದ ಸಂಜೆತನಕ 3.4, 3.4, 3.4, ಒಂದೇ ಪೆನ್ನು, ಒಂದೇ ಉಸಿರಿನ ಬರಹ. ತಿರುಗಿ ಬಳಸುವ ಮರಳು ಹೊತ್ತೇರಿದಂತೆ ಕಾಯುತ್ತದೆ, ತೇವ ಹಾರುತ್ತದೆ. ಅಂಕಿ ಕದಲಿಲ್ಲವೆಂದರೆ ಯಾರೂ ಅಳೆದಿಲ್ಲ ಎಂದೇ ಅರ್ಥ. ತೇವ ಹೆಚ್ಚಾದರೆ ಉಗಿ ಸಿಕ್ಕಿಕೊಂಡು ಎರಕದೊಳಗೆ ಬ್ಲೋ ಹೋಲ್ ಎಂಬ ತೂತು, ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಲೋಹದೊಳಗೆ ಮರಳು. ಎಷ್ಟೋ ಸಲ ಈ ತೂತು ಬಯಲಾಗುವುದು ಮಷಿನ್ ಶಾಪಿನಲ್ಲಿ ಎರಡು ಮಿಲಿಮೀಟರ್ ಕೆತ್ತಿದ ಮೇಲೆ. ಆಗ ಎರಕದ ಬೆಲೆಯ ಜೊತೆ ಮಷಿನಿಂಗ್ ಖರ್ಚು, ಲಾರಿ ಬಾಡಿಗೆ ಎಲ್ಲ ಗಿರಾಕಿಯ ಡೆಬಿಟ್ ನೋಟಿನಲ್ಲಿ ಬರುತ್ತವೆ. ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತಿನ ಸಂಖ್ಯೆ) ಹಿಡಿದು ಹಿಂದಕ್ಕೆ ಹೋದರೆ ದಾಖಲೆಯಲ್ಲಿ ಎಲ್ಲವೂ ಸರಿ! ಯಾವ ಗಂಟೆಯ ಮರಳು ಕೆಟ್ಟಿತ್ತೆಂದು ಹೇಳಲಾಗದೆ ಇಡೀ ಲಾಟ್ ಬದಿಗಿಡಬೇಕು. ಬೈಗುಳ ಮಾತ್ರ ಅಚ್ಚು ಕಟ್ಟುವ ಮೋಲ್ಡರ್‌ಗೆ.

ಸುಳ್ಳು ಬರೆಯುವವನದಷ್ಟೇ ತಪ್ಪಲ್ಲ. ತೇವ 4.2 ಎಂದು ನಿಜ ಬರೆದವನನ್ನು ‘ಲೈನ್ ನಿಲ್ಲಿಸ್ತೀಯಾ?’ ಎಂದು ಗದರುವ ಸೂಪರ್‌ವೈಸರ್ ಇರುವಲ್ಲಿ 3.4 ತಾನಾಗಿಯೇ ಹುಟ್ಟುತ್ತದೆ. ನಮ್ಮ ಪ್ರಕಾರ ಮೊದಲ ಮೆಮೊ ಹೋಗಬೇಕಾದದ್ದು ಅವನಿಗೆ.

ಹೇಳದೆ ಹೋಗುವುದು ಜೀವಕ್ಕೂ ಕುತ್ತು. ಬೆಳಗಾವಿಯ ಮಳೆಯಲ್ಲಿ ತೊಯ್ದ ಸ್ಕ್ರ್ಯಾಪನ್ನು ರಾತ್ರಿ ಪಾಳಿಯವರು ಪಕ್ಕಕ್ಕಿಟ್ಟು ಹೋಗಿರುತ್ತಾರೆ, ಬೆಳಗಿನವನು ತಿಳಿಯದೆ ಫರ್ನೇಸಿಗೆ ಹಾಕುತ್ತಾನೆ. ಲೋಹದಡಿ ಸಿಕ್ಕ ನೀರು ಉಗಿಯಾಗಿ ಸಾವಿರದಾರುನೂರು ಪಟ್ಟು ಹಿಗ್ಗಿದರೆ ಕಾದ ಲೋಹ ಮೇಲೆ ಚಿಮ್ಮುತ್ತದೆ.

ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಎರಡೂ ಪಾಳಿಯವರು 15 ನಿಮಿಷ ಒಟ್ಟಿಗೆ ಇರಲಿ. ಹಸ್ತಾಂತರ ಆಫೀಸಿನಲ್ಲಲ್ಲ, ಫರ್ನೇಸ್ ಪಕ್ಕದಲ್ಲೇ ನಿಂತು ಆಗಲಿ: ಫರ್ನೇಸಿನ ಲೈನಿಂಗ್ (ಒಳಪದರ) ಎಷ್ಟು ಸವೆದಿದೆ, ಯಾವ ಸ್ಕ್ರ್ಯಾಪ್ ಹಸಿ, ಯಾವ ಮಷಿನ್ ತಕರಾರು ಮಾಡುತ್ತಿದೆ. ಮೆಗ್ನೀಸಿಯಂ ಕೊಟ್ಟ ಸಮಯವನ್ನು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಬರೆಯಲಿ; ಹೊತ್ತು ಮೀರಿದರೆ ಉಳಿದ ಲೋಹವನ್ನು ಮತ್ತೆ ಕರಗಿಸಲು ಗಟ್ಟಿ ಹೊಯ್ಯುವ ಪಿಗ್ ಅಚ್ಚಿಗೆ ಸುರಿಯುವ ಅಧಿಕಾರ ಸುರಿಯುವವನಿಗೇ ಇರಲಿ. ಮತ್ತೆ ಆ 15 ನಿಮಿಷಕ್ಕೂ ಕೂಲಿ ಕೊಡಬೇಕು. ಬಿಟ್ಟಿ ನಿಲ್ಲಿ ಎಂದರೆ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

– ಫೌಂಡ್ರಿ ಗುಣಮಟ್ಟ ವಿಭಾಗದ ನೌಕರರು, ಉದ್ಯಮಬಾಗ, ಬೆಳಗಾವಿ