ದೇವರ ಮನೆಯ ಝೀರೋ ಬಲ್ಬಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಮನೆಯ ದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದರೂ ವಿದ್ಯುತ್ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬ ದೂರು ನೆಂಟರಿಷ್ಟರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ವಿಚಾರಿಸಿ ನೋಡಿದರೆ, ಅಂಥ ಮನೆಗಳಲ್ಲಿ ಬದಲಾವಣೆ ಆರಂಭವಾಗಿರುವುದು ಬಂದವರ ಕಣ್ಣಿಗೆ ಬೀಳುವ ಹಜಾರದಿಂದ ಮತ್ತು ಫಾಲ್ಸ್ ಸೀಲಿಂಗಿನಿಂದ. ದಿನವೆಲ್ಲ ಉರಿಯುವ ದೀಪಗಳು ಮಾತ್ರ ಹಳೆಯವೇ ಆಗಿ ಉಳಿದಿರುತ್ತವೆ. ಮೀಟರು ಲೆಕ್ಕ ಹಿಡಿಯುವುದು ವ್ಯಾಟನ್ನೂ ಗಂಟೆಯನ್ನೂ ಗುಣಿಸಿ ಎಂಬುದನ್ನು ನಾವು ಮರೆಯುತ್ತೇವೆ.

ದೇವರ ಮನೆಯಲ್ಲಿ ಹಗಲಿರುಳು ಉರಿಯುವ ಕೆಂಪು ಝೀರೋ ಕ್ಯಾಂಡಲ್ ಬಲ್ಬನ್ನೇ ನೋಡಿ. ಅದಕ್ಕೆ ಕರೆಂಟೇ ಬೇಡವೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಚಕ್ರ ತಿರುಗುವ ಹಳೆಯ ಮೀಟರುಗಳಲ್ಲಿ ಇಷ್ಟು ಸಣ್ಣ ಹೊರೆ ಸರಿಯಾಗಿ ದಾಖಲಾಗುತ್ತಿರಲಿಲ್ಲವಾದ್ದರಿಂದ ಆ ನಂಬಿಕೆ ಬೆಳೆದಿರಬೇಕು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಕಣ್ಣು ತಪ್ಪಿಸುವುದು ಸಾಧ್ಯವಿಲ್ಲ. ತಂತಿಯ ಝೀರೋ ಬಲ್ಬು ಎಳೆಯುವುದು ಸುಮಾರು 15 ವ್ಯಾಟ್. 24 ಗಂಟೆ ಉರಿದರೆ ತಿಂಗಳಿಗೆ ಹೆಚ್ಚುಕಡಿಮೆ 11 ಯೂನಿಟ್. ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಇದಕ್ಕೆ ಹೋಲಿಸಿದರೆ, ದಿನಕ್ಕೆ ಅರ್ಧ ಗಂಟೆ ಉರಿಯುವ ಬಚ್ಚಲಿನ 60 ವ್ಯಾಟಿನ ಬುರುಡೆ ಬಲ್ಬು ತಿಂಗಳಿಗೆ ಒಂದು ಯೂನಿಟ್ಟನ್ನೂ ಮುಟ್ಟುವುದಿಲ್ಲ. ಅದನ್ನು ಕೆಡುವ ತನಕ ಬಳಸಿದರೂ ನಷ್ಟವಿಲ್ಲ.

ಎರಡನೆಯ ಸರದಿ ಅಡುಗೆಮನೆಯ ಟ್ಯೂಬ್‌ಲೈಟಿನದು. ಕಬ್ಬಿಣದ ಚೋಕ್ ಇರುವ ನಾಲ್ಕಡಿ ಟ್ಯೂಬಿಗೆ 40 ವ್ಯಾಟ್ ಎಂದು ಬರೆದಿದ್ದರೂ, ಚೋಕ್ ತಾನು ಬಿಸಿಯಾಗಲೆಂದೇ ಮತ್ತೆ 10–12 ವ್ಯಾಟ್ ಕಬಳಿಸುತ್ತದೆ. ದಿನಕ್ಕೆ ಆರು ಗಂಟೆಯಂತೆ ಅದು ತಿಂಗಳಿಗೆ 9 ಯೂನಿಟ್. 20 ವ್ಯಾಟಿನ ಎಲ್‌ಇಡಿ ಪಟ್ಟಿಗೆ 3.6 ಯೂನಿಟ್. ಹಳೆಯ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬು ಸಿಕ್ಕಿಸುವವರು ಚೋಕನ್ನು ಲೈನಿನಲ್ಲಿ ಉಳಿಸಿದರೆ ಉಳಿತಾಯದಲ್ಲಿ ಸ್ವಲ್ಪ ಭಾಗ ಅಲ್ಲಿಯೇ ಸೋರಿಹೋಗುತ್ತದೆ. ವೈರಿಂಗ್ ಬಲ್ಲವರಿಂದ ಅದನ್ನು ತೆಗೆಸುವುದು ಅಥವಾ ಹೊಸ ಪಟ್ಟಿಯನ್ನೇ ಹಾಕಿಸುವುದು ಲೇಸು.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕವೆಲ್ಲ ಯಾಕೆ ಎನ್ನುವವರೂ ಇದ್ದಾರೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಆ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. 205 ಯೂನಿಟ್ಟಿನಲ್ಲಿ ಎಡವುವ ಮನೆಗೆ ಆ ಝೀರೋ ಬಲ್ಬಿನ 11 ಯೂನಿಟ್ ಸಣ್ಣದೇನಲ್ಲ.

ಎಲ್‌ಇಡಿ ಬಲ್ಬು ವರ್ಷ ತುಂಬುವುದರೊಳಗೆ ಕೆಟ್ಟಿತೆಂಬ ಇನ್ನೊಂದು ದೂರಿಗೆ ಕಾರಣ ಸಾಮಾನ್ಯವಾಗಿ ಬೆಳಕು ಕೊಡುವ ಬಿಲ್ಲೆಗಳಲ್ಲ, ಅವಕ್ಕೆ ಕರೆಂಟನ್ನು ಹದಮಾಡಿ ಕೊಡುವ, ಬುಡದಲ್ಲಿ ಕೂತ ಡ್ರೈವರ್ ಸರ್ಕ್ಯೂಟು. ಅದರ ಕೆಪಾಸಿಟರಿಗೆ ಶಾಖವೇ ಶತ್ರು. ಗಾಳಿಯಾಡದ ಗಾಜಿನ ಗುಮ್ಮಟದೊಳಗೆ ಬಲ್ಬು ಹಾಕಿ ಮುಚ್ಚಿದರೆ ಪೊಟ್ಟಣದ ಮೇಲೆ ಬರೆದ 25,000 ಗಂಟೆಯ ಆಯಸ್ಸು ಬರೀ ಬರಹವಾಗಿಯೇ ಉಳಿಯುತ್ತದೆ. ಮಲೆನಾಡಿನ ನಮಗೆ ಇದರ ಜೊತೆಗೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಸಿಡಿಲು ಹೊಡೆದಾಗ ಲೈನಿನಲ್ಲಿ ನುಗ್ಗಿಬರುವ ವೋಲ್ಟೇಜಿಗೆ ಅಗ್ಗದ ಡ್ರೈವರುಗಳೇ ಮೊದಲ ಬಲಿ. ಆದ್ದರಿಂದ ಕೊಳ್ಳುವಾಗ ಪೊಟ್ಟಣದ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ, ಇಂಥ ವೋಲ್ಟೇಜ್ ಏರಿಕೆಯಿಂದ ಕಾಯುವ ಸರ್ಜ್ ರಕ್ಷಣೆ ಮತ್ತು ವಾರಂಟಿಯ ಅವಧಿಯನ್ನು ನೋಡಬೇಕು. ಕೊಂಡ ತಾರೀಖನ್ನು ಬಲ್ಬಿನ ಬುಡದಲ್ಲಿಯೇ ಅಳಿಸದ ಶಾಯಿಯಲ್ಲಿ ಬರೆದಿಟ್ಟು, ರಸೀದಿಯನ್ನು ಜೋಪಾನ ಮಾಡಬೇಕು. ವ್ಯಾಟ್ ಕೇಳಿ ಬಲ್ಬು ಕೊಳ್ಳುವ ರೂಢಿಯನ್ನೂ ಬಿಟ್ಟು, ಬೆಳಕಿನ ಅಳತೆಯಾದ ಲ್ಯೂಮೆನ್ ನೋಡುವುದೊಳ್ಳೆಯದು. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್ ಬೆಳಕು. 9 ವ್ಯಾಟಿನ ಒಳ್ಳೆಯ ಎಲ್‌ಇಡಿ 800ಕ್ಕೂ ಮಿಕ್ಕಿ ಕೊಡುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಅಂಗಡಿಯವರು ಕೇಳದೆಯೇ ಕೈಗಿಡುವುದು 6500 ಕೆಲ್ವಿನ್ನಿನ ಬಿಳಿ ದೀಪ. ಜಗಲಿಗೂ ಮಲಗುವ ಕೋಣೆಗೂ 2700ರಿಂದ 3000 ಕೆಲ್ವಿನ್ನಿನ ಹಳದಿ ಛಾಯೆ ಕಣ್ಣಿಗೆ ಹಿತ, ಮೊದಲ ಮಳೆಯ ನಂತರ ಮುತ್ತುವ ಹುಳುಗಳ ಕಾಟವೂ ಕಡಿಮೆ.

ಇನ್ನು ಕಳಚಿದ ದೀಪಗಳ ಮಾತು. ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್‌ಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಇವುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದ್ದರೂ ಸಣ್ಣ ಊರುಗಳಲ್ಲಿ ಅವನ್ನು ಎಲ್ಲಿ ಕೊಡಬೇಕೆಂಬುದು ಬಹುತೇಕರಿಗೆ ತಿಳಿಯದೆ, ತಿಪ್ಪೆಯಲ್ಲೋ ಕಸದ ಗಾಡಿಯಲ್ಲೋ ಒಡೆದು ಹೋಗುತ್ತಿವೆ. ‘ಹೊಸ ಬೆಳಕು’ ಯೋಜನೆಯಡಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬುಗಳನ್ನು ಮನೆಮನೆಗೆ ತಲುಪಿಸಿದ ರಾಜ್ಯ ನಮ್ಮದು. ಬಲ್ಬು ಕೊಡಲು ಸಾಧ್ಯವಾದಲ್ಲಿ ಹಳೆಯದನ್ನು ಪಡೆದುಕೊಳ್ಳುವುದು ಅಸಾಧ್ಯವೇನಲ್ಲ. ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ಪ್ರತಿ ಉಪವಿಭಾಗ ಕಚೇರಿಯಲ್ಲಿ, ಬಿಲ್ ಕಟ್ಟುವ ಕೌಂಟರಿನ ಪಕ್ಕದಲ್ಲೇ, ಹಳೆಯ ಟ್ಯೂಬು, ಸಿಎಫ್‌ಎಲ್ ಮತ್ತು ಕೆಟ್ಟ ಎಲ್‌ಇಡಿಗಳನ್ನು ಪಡೆಯುವ ವ್ಯವಸ್ಥೆ ಮಾಡಿ, ಅದರ ಸೂಚನೆಯನ್ನು ತಿಂಗಳ ಬಿಲ್ಲಿನ ಮೇಲೆ ಮುದ್ರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ಗೃಹಬಳಕೆದಾರ, ಸಾಗರ, ಶಿವಮೊಗ್ಗ ಜಿಲ್ಲೆ