ಕೊರ್ದೊವಾಮದ ಕಡಲು: ಮಗಳಿಗೊಂದು ಪತ್ರ

ಲಿಸ್ಬನ್

ಚಿರಂಜೀವಿ ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಕೊರ್ದೊವಾಮದ ಫೋಟೊಗಳನ್ನು ನೋಡಿ, "ನೆಮ್ಮದಿಯಾಗಿ ಈಜಲೂ ಆಗದ ಬೀಚಿಗೆ ಅಷ್ಟು ದೂರ ಯಾಕಮ್ಮ ಹೋಗಿದ್ದು?" ಎಂದು ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅದಲ್ಲವೆನಿಸಿ ಬರೆಯುತ್ತಿದ್ದೇನೆ. ನೀನು ಇಲ್ಲಿಗೆ ಬಂದಾಗ ಬೇರೆಲ್ಲಕ್ಕಿಂತ ಮೊದಲು ನಿನ್ನನ್ನು ಅಲ್ಲಿಗೆ ಕರೆದೊಯ್ಯಬೇಕೆಂಬ ಆಸೆ ನನಗಿದೆ.

ಪೋರ್ಚುಗಲ್ಲಿನ ನೈಋತ್ಯ ಮೂಲೆಯಲ್ಲಿ, ಲಿಸ್ಬನ್ನಿನಿಂದ ಕಾರಿನಲ್ಲಿ ಸುಮಾರು ಮೂರು ತಾಸಿನ ದಾರಿಯಲ್ಲಿ, ವಿಲಾ ದೊ ಬಿಸ್ಪೊ ಎಂಬ ಸಣ್ಣ ಊರಿದೆ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ನೆಲವು ಇದ್ದಕ್ಕಿದ್ದಂತೆ ಮುಗಿದು, ಕಪ್ಪು ಬಂಡೆಯ ಕಡಿದಾದ ಗೋಡೆ ಕಡಲಿಗಿಳಿಯುತ್ತದೆ. ತೊರ್ರೆ ದೆ ಆಸ್ಪಾ ಎಂಬಲ್ಲಿ ಅದರ ಎತ್ತರ 156 ಮೀಟರ್. ಆ ಗೋಡೆಯ ಬುಡದಲ್ಲಿ ಉದ್ದಕ್ಕೆ ಹಾಸಿರುವ ಮರಳೇ ಕೊರ್ದೊವಾಮ, ಅದರ ದಕ್ಷಿಣದ ನೆರೆಯದು ಕಾಸ್ತೆಲೇಜು. ಇದೇ ಆಲ್ಗಾರ್ವ್ ಪ್ರಾಂತ್ಯದ ದಕ್ಷಿಣ ಕರಾವಳಿಯಲ್ಲಿ ಹೋಟೆಲುಗಳು ಸಾಲುಗಟ್ಟಿ ನಿಂತಿವೆ. ಪಶ್ಚಿಮದ ಈ ಭಾಗ ಹಾಗಾಗದೆ ಉಳಿದಿರುವುದಕ್ಕೆ 1995ರಿಂದ ಇದು ಸಂರಕ್ಷಿತ ಪ್ರಕೃತಿ ಉದ್ಯಾನವಾಗಿರುವುದು ಒಂದು ಕಾರಣ, ತಣ್ಣೀರು ಮತ್ತು ಒರಟು ಅಲೆ ಇನ್ನೊಂದು. ಕಡಲನ್ನು ನಮ್ಮ ಅನುಕೂಲಕ್ಕೆ ತಿದ್ದದೆ ಬಿಟ್ಟಿರುವ ಇಂತಹ ಜಾಗಗಳು ಕಡಿಮೆಯಾಗುತ್ತಿರುವುದರಿಂದಲೇ ಅಲ್ಲಿಗೆ ಹೋಗಬೇಕೆಂದು ನನಗನಿಸಿದ್ದು.

ನೀನು ಮೊದಲು ನೋಡಬೇಕಾದ್ದು ಬಂಡೆಯನ್ನು. ದೂರದಿಂದ ಬರಿಯ ಕಪ್ಪಾಗಿ ಕಾಣುವ ಗೋಡೆ ಹತ್ತಿರವಾಗುತ್ತಿದ್ದಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ: ಅಂಗೈಯಗಲದ ಒರಟು ಮರಳುಗಲ್ಲಿನ ಪಟ್ಟಿ, ಅದರ ಮೇಲೆ ಬೆರಳಿನಿಂದ ಚಕ್ಕೆ ಏಳಿಸಬಹುದಾದ ಮೆದು ಜೇಡಿಗಲ್ಲು, ಮತ್ತೆ ಮರಳುಗಲ್ಲು. 30 ಕೋಟಿ ವರ್ಷಗಳಿಗೂ ಹಿಂದೆ ಆಳ ಸಮುದ್ರದ ಇಳಿಜಾರಿನಲ್ಲಿ ಮರಳು ಮತ್ತು ಕೆಸರು ಕುಸಿದು ಜಾರಿ, ಭಾರದ ಮರಳು ಮೊದಲೂ ನುಣುಪಾದ ಕೆಸರು ಆಮೇಲೂ ತಳಕ್ಕಿಳಿದು, ಒಂದೊಂದು ಕುಸಿತಕ್ಕೆ ಒಂದೊಂದು ಜೋಡಿ ಪದರ ಕೂಡುತ್ತಾ ಹೋಯಿತು. ಆಮೇಲೆ ಭೂಖಂಡಗಳು ಒಂದಕ್ಕೊಂದು ಒತ್ತಿಕೊಂಡಾಗ ಮಟ್ಟಸವಾಗಿದ್ದ ಆ ಪದರಗಳೆಲ್ಲ ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡವು. ಕೆಲವು ಕಡೆ ಪದರವೊಂದು ಮೇಲೇರಿ, ಬಾಗಿ, ತನ್ನ ಮೇಲೆಯೇ ಮರಳಿ ಮಲಗಿರುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆಗ ಅಟ್ಲಾಂಟಿಕ್ ಸಾಗರವಿನ್ನೂ ತೆರೆದುಕೊಂಡಿರಲಿಲ್ಲ. ತನಗಿಂತ ಹಿರಿಯದಾದ ಬಂಡೆಯನ್ನು ಆ ಸಾಗರ ಈಗ ದಿನವೂ ತೇಯುತ್ತಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಮುಟ್ಟಿ ನೋಡಿದವಳು ನೀನು. ಲಾವಾ ತಣಿದು ನಿಂತ ಆ ಕಂಬಗಳಿಗಿಂತ ಇವು ಎಷ್ಟೋ ಪಾಲು ಹಳೆಯವು.

ಇನ್ನು ನೀರು. ಬೇಸಿಗೆಯ ಬಿಸಿಲಿನಲ್ಲೂ ಕಾಲಿಟ್ಟೊಡನೆ ಮರಗಟ್ಟಿಸುವ ಈ ತಂಪಿಗೆ ಉತ್ತರದಿಂದ ಬೀಸುವ ಗಾಳಿಯೇ ಕಾರಣ. ಇಲ್ಲಿಯವರು ಅದನ್ನು ನೊರ್ತಾದಾ ಎನ್ನುತ್ತಾರೆ. ಆ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ, ತೆರವಾದ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ, ಅದರಿಂದ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆದು ಮೀನಿಗೆ ಮೇವಾಗುತ್ತದೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ತಳದ ನೀರು ಹೀಗೆಯೇ ಮೇಲೇಳುತ್ತದೆ. ಇಲ್ಲಿಯವರ ಸಾರ್ಡೀನು, ನಮ್ಮ ಬೂತಾಯಿ ಜಾತಿಯಲ್ಲಿ ಬೇರೆಯಾದರೂ, ಎರಡನ್ನೂ ಸಾಕುವುದು ಇದೇ ತಣ್ಣೀರು. ಈಜುವವರಿಗೆ ಒಗ್ಗದ ಕಡಲು ಮೀನಿಗೆ ಎಷ್ಟು ಒಗ್ಗುತ್ತದೆಂಬುದನ್ನು ಆ ದಡದಲ್ಲಿ ನಿಂತಾಗ ನಾನು ತುಂಬ ಹೊತ್ತು ಯೋಚಿಸಿದೆ.

ಅಲೆ ಬಡಿಯುವ ಬಂಡೆಗಳಲ್ಲಿ ಪೆರ್ಸೆಬೆಸ್ ಎಂಬ ಜೀವಿ ಗೊಂಚಲುಗೊಂಚಲಾಗಿ ಅಂಟಿಕೊಂಡಿರುತ್ತದೆ. ಬೆರಳು ಗಾತ್ರದ ಕಪ್ಪು ತೊಗಲಿನ ಕಾಂಡ, ತುದಿಯಲ್ಲಿ ಗೊರಸಿನಂತಹ ಬಿಳಿ ಚಿಪ್ಪು. ಅಲೆಯ ಹೊಡೆತ ಹೆಚ್ಚಿರುವಲ್ಲೇ ಅದು ಚೆನ್ನಾಗಿ ಬೆಳೆಯುವುದರಿಂದ, ಅದನ್ನು ಕೀಳುವವರು ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಕಬ್ಬಿಣದ ಉಳಿಯಿಂದ ಎಬ್ಬಿಸಿಕೊಂಡು ಹಿಂದೆ ಸರಿಯಬೇಕು. ಜೀವದ ಹಂಗು ತೊರೆದು ಮಾಡುವ ದುಡಿಮೆ ಅದು. ತಟ್ಟೆಯಲ್ಲಿ ಅದರ ಬೆಲೆ ನೋಡಿ ದುಬಾರಿಯೆನ್ನಲು ನನಗೆ ಮನಸ್ಸು ಬರಲಿಲ್ಲ.

ಎರಡು ಎಚ್ಚರಿಕೆಗಳನ್ನು ನೀನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಂಡೆಯ ನೆರಳು ಎಷ್ಟೇ ಹಿತವಾಗಿದ್ದರೂ ಅದರ ಬುಡದಲ್ಲಿ ಕೂರಬಾರದು. 2009ರ ಆಗಸ್ಟ್‌ನಲ್ಲಿ ಆಲ್ಗಾರ್ವ್‌ನ ಮರಿಯಾ ಲುಯೀಜಾ ಬೀಚಿನಲ್ಲಿ ಬಂಡೆ ಕುಸಿದು ಐವರು ಸತ್ತರು. ಇನ್ನೊಂದು ಉಬ್ಬರವಿಳಿತದ್ದು. ಮಲ್ಪೆಯಲ್ಲಿ ಒಂದೂವರೆ ಮೀಟರಿನ ಆಸುಪಾಸಿನಲ್ಲಿ ಏರಿಳಿಯುವ ನೀರು ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಮೂರು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಇಳಿತದಲ್ಲಿ ಕೊರ್ದೊವಾಮದಿಂದ ಕಾಸ್ತೆಲೇಜುವಿಗೆ ಮರಳಿನ ಮೇಲೆಯೇ ನಡೆದು ಹೋಗಬಹುದು. ಉಬ್ಬರದಲ್ಲಿ ಅದೇ ದಾರಿಯ ಮೇಲೆ ಅಲೆಗಳು ಬಂಡೆಗೆ ಅಪ್ಪಳಿಸುತ್ತಿರುತ್ತವೆ. ಆದ್ದರಿಂದ ನೀರು ಇಳಿಯುತ್ತಿರುವಾಗಲೇ ಹೊರಟು, ಅದು ತಿರುಗುವ ಮೊದಲು ಮರಳಿ ಬರಬೇಕು.

ಡಿಸೆಂಬರ್ ರಜೆಯಲ್ಲಿ ಬರುವುದು ಬೇಡ, ಚಳಿಗಾಲದ ಅಲೆಗಳು ಬಹಳ ದೊಡ್ಡವು. ಮೇ ತಿಂಗಳಾದರೆ ಒಳ್ಳೆಯದು. ಬೇರೆಡೆ ಗೋಪುರಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ಗೂಡು ಕಟ್ಟುವ ಬಿಳಿ ಕೊಕ್ಕರೆಗಳು ದಾರಿಯಲ್ಲಿ ಸಿಗುವ ಸಾರ್ದಾಂವ್ ಭೂಶಿರದಲ್ಲಿ ಕಡಲ ಬಂಡೆಗಳ ತುದಿಯಲ್ಲೇ ಮರಿ ಮಾಡಿರುವುದನ್ನೂ ನೋಡಬಹುದು. ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ತಿಳಿಸು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹತ್ತಿರದ ದಿನ ನೋಡಿ ಗೊತ್ತುಮಾಡುತ್ತೇನೆ. ಆಗ ಇಳಿತ ಬೆಳಿಗ್ಗೆ ಒಂಬತ್ತರ ಆಸುಪಾಸಿಗೆ ಬರುವುದರಿಂದ ಹಿಂದಿನ ರಾತ್ರಿ ವಿಲಾ ದೊ ಬಿಸ್ಪೊದಲ್ಲೇ ಉಳಿಯೋಣ. ಹಿಡಿತವಿರುವ ಷೂ ಮತ್ತು ಗಾಳಿ ತಡೆಯುವ ಜಾಕೆಟ್ ಅಲ್ಲಿಂದಲೇ ತಾ.

ಇಂತಿ,
ನಿನ್ನ ಅಮ್ಮ