ಮಗ್ಗ ನಿಂತಾಗ ಕೇಳಿಸಿದ್ದು: ಮಲ್ಲೂಗೊಂದು ಪತ್ರ

ಪ್ರೀತಿಯ ಮಲ್ಲು,

ಫೋನಿನಲ್ಲಿ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಓಣಿಯವರೂ ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಮೊನ್ನೆ ನಮ್ಮ ಬನಹಟ್ಟಿಯ ನೇಕಾರ ಕಾಲೊನಿಯಲ್ಲಿ ಕರೆಂಟ್ ಹೋಯಿತು. ಕಾಲೊನಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಪಕ್ಕದ ಮನೆಯಲ್ಲಿ ಚಹಾ ಸೋಸುವುದೂ ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು. 2020 ಕಣ್ಣ ಮುಂದೆ ಬಂತು.

ನೀನು ಆಗ ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮಾರ್ಚ್ 25, ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯಿತಲ್ವಾ? ಮದುವೆ ಸೀಸನ್ನಿಗೆ ನೇಯ್ದ ಸೀರೆಗಳು ನೂಲು ಕೊಟ್ಟು ನೇಯಿಸುವ ಸಾವಕಾರರ ಹತ್ತಿರವೇ ಉಳಿದವು. ಮಹಾರಾಷ್ಟ್ರದ ಪೇಟೆ ಬಂದ್. ನೂಲು ಬರಲಿಲ್ಲ, ಮಜೂರಿಯೂ ಇಲ್ಲ. ಮೇ 6ರಂದು ಸರ್ಕಾರ ಕೈಮಗ್ಗದವರಿಗೆ 2,000 ರೂಪಾಯಿ ಅಂತ ಹೇಳಿತು. ನಮ್ಮದು ಕರೆಂಟಿನ ಮಗ್ಗ, ಪಾವರ್‌ಲೂಮ್; ಆ ದಿನದ ಮಾತಿನಲ್ಲಿ ನಾವಿರಲಿಲ್ಲ.

ಮನೆ ನಿನಗೆ ಗೊತ್ತೇ ಇದೆ. ಸರ್ಕಾರ ನೇಕಾರರಿಗೆ ಅಂತ ಕಟ್ಟಿಸಿದ್ದು. ಮುಂದಿನ ಖೋಲಿ ಮಗ್ಗಕ್ಕೆ, ಹಿಂದಿನದು ನಮ್ಮ ಆರು ಜನಕ್ಕೆ. ಪಕ್ಕದವರಿಗೂ ನಮಗೂ ಒಂದೇ ಗೋಡೆ. ರೇಷನ್ ಅಂಗಡಿ ಮುಂದೆ ಸುಣ್ಣದ ಗೆರೆ ಹಾಕಿ, ದೂರ ದೂರ ನಿಲ್ಲಿಸಿ, ತಲೆ ಲೆಕ್ಕದಲ್ಲಿ ಅಕ್ಕಿ ಕೊಡುತ್ತಿದ್ದರು. ಅದನ್ನು ಹೊತ್ತುಕೊಂಡು ಮನೆಗೆ ಬಂದರೆ ಕಾಲು ಚಾಚಲು ಜಾಗ ಇಲ್ಲ.

ಇಕ್ಕಟ್ಟು ನಮಗೆ ರೂಢಿ ಬಿಡು. ಆ ಮೌನ ಮಾತ್ರ ತಡೆಯೋಕೆ ಆಗಲಿಲ್ಲ. ಬೆಳಗಿನಿಂದ ರಾತ್ರಿ ತನಕ ಓಡುವ ಖಟಖಟ ಸದ್ದೇ ಇಷ್ಟು ವರ್ಷ ಮನೆ ಮನೆ ನಡುವಿನ ಪರದೆಯಾಗಿತ್ತು. ಅದು ಸರಿದ ಮೇಲೆ ಎಲ್ಲರ ಮನೆ ಎಲ್ಲರಿಗೂ ಕೇಳಿಸತೊಡಗಿತು. ಯಾರ ಮನೆಯಲ್ಲಿ ಜಗಳ, ಯಾರ ಹಿಟ್ಟಿನ ಡಬ್ಬಿ ತಳ ಕಂಡಿದೆ, ಎಲ್ಲ. ಕೆಮ್ಮು ಬಂದರೆ ಬಾಯಿಗೆ ಕೌದಿ ಒತ್ತಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಹೊಸ ಜೋಡಿ ಟಿವಿ ಜೋರು ಮಾಡಿ ಮಾತಾಡುತ್ತಿದ್ದರು, ಪಾಪ.

ಹೊಕ್ಕಿನ ನೂಲು, ಅಂದರೆ ಅಡ್ಡ ಎಳೆಯದು, ಮುಗಿದು ನಮ್ಮ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ನೇರಳೆ ಬಣ್ಣದ್ದು. ಅಪ್ಪ ದಿನಾ ಅದರ ಧೂಳು ಕೊಡವುತ್ತಿದ್ದ. ಹಾಸಿನಲ್ಲಿ, ಅಂದರೆ ಉದ್ದದ ನೂಲಿನಲ್ಲಿ, ಎಳೆ ಕಡಿದಿದ್ದು ಕಂಡರೆ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಜೋಡಿಸುತ್ತಿದ್ದ. ಓಡದ ಮಗ್ಗಕ್ಕೆ!

ಒಂದು ರಾತ್ರಿ ಅವ್ವನಿಗೆ ಹೇಳುತ್ತಿದ್ದ: "ಮಗ್ಗ ಗುಜರಿಗೆ ಹಾಕೂನು. ಕಿಲೋ ಲೆಕ್ಕದಾಗ ತೂಗತಾರ. ಇವಗ ಹೇಳಬ್ಯಾಡ, ಓದು ಬಿಡ್ತಾನ." ನಾನು ಒಂದು ಮೊಳ ದೂರದಲ್ಲಿ ಮಲಗಿದ್ದೆ. ನಿದ್ದೆ ಬಂದವನಂತೆ ಸುಮ್ನೆ ಬಿದ್ದುಕೊಂಡೆ. ಆಮೇಲೆ ಅಪ್ಪ ಅತ್ತ. ಆಗ ಗೋಡೆಯಾಚೆ ಟಿವಿ ಸದ್ದು ಜೋರಾಯಿತು. ಅವರಿಗೂ ಕೇಳಿಸಿತ್ತು, ಅವನ ಮಾನ ಉಳಿಸಲಿಕ್ಕೇ ಜೋರು ಮಾಡಿದರು. ಆ ಗಂಡ ಹೆಂಡತಿಯ ಋಣ ನಾನು ಯಾವತ್ತೂ ಮರೆಯಲ್ಲ.

ಪುಣೆಗೆ ಯಾಕೆ ಬರಲಿಲ್ಲ ಅಂತ ಎಷ್ಟು ಸಲ ಕೇಳಿದ್ದೀಯ. ಊರು ಬಿಟ್ಟು ಇರೋಕೆ ಆಗಲ್ಲ ಅಂತಿದ್ದೆ. ಕಾರಣ ಆ ರಾತ್ರಿ. ಮಗ್ಗ ಮಾರಲಿಲ್ಲ, ನೂಲು ಬಂತು, ಮತ್ತೆ ಓಡಿತು, ನಿಜ. ಆದರೆ ಮಗ್ಗ ಓಡುವಾಗ ಅಪ್ಪ ಅವ್ವನ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸಲ್ಲ. ಮತ್ತೆ ಏನು ಮುಚ್ಚಿಡುತ್ತಿದ್ದಾರೋ ಅಂತ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವರನ್ನು ಬಿಟ್ಟು ಎಲ್ಲಿಗೂ ಹೋಗೋಕೆ ನನಗೆ ಧೈರ್ಯ ಇಲ್ಲ ಮಲ್ಲು. ಅಪ್ಪನಿಗೆ ಇದು ಗೊತ್ತಿಲ್ಲ. ಕಾಲೊನಿಯವರು ಯಾರಾದರೂ ಓದಿದರೆ, ಅವನ ಮುಂದೆ ದಯವಿಟ್ಟು ಈ ಮಾತು ತೆಗೆಯಬೇಡಿ.

ಸಾಕು, ಜಾಸ್ತಿಯೇ ಬರೆದೆ. ದಸರೆಗೆ ಬರ್ತೀಯಲ್ವಾ? ಹೊಳೆ ಕಡೆ ಹೋಗಿ ಬರೋಣ. ಅವ್ವ ಶೇಂಗಾ ಹೋಳಿಗೆ ಮಾಡ್ತೀನಿ ಅಂದಿದ್ದಾಳೆ. ನಿನ್ನ ಮದುವೆ ಯಾವಾಗ ಅಂತ ದಿನಾ ನನ್ನನ್ನೇ ಕೇಳುತ್ತಾಳೆ, ಈ ಸಲ ಉತ್ತರ ನೀನೇ ಕೊಡು.

ನಿನ್ನ,
ಶಿವು